ಕೆರೆ ಕಾಣದ ಸೊಸೆ

ರಿಪೇರಿಯವನು ಕೆಲಸ ಮುಗಿಸಿ ಬ್ಯಾಗು ಹೆಗಲಿಗೆ ಹಾಕಿಕೊಂಡ. "ಬಯಲಲ್ಲಿ ಅಡ್ಡ ಹಾದ್ರೆ ಬಸ್‌ಸ್ಟ್ಯಾಂಡು ಹತ್ರ ಅಲ್ವೇನಮ್ಮಾ?" ಎಂದು ಕೇಳಿ, ನಾನು ಹ್ಞೂಂ ಅನ್ನುವಷ್ಟರಲ್ಲಿ ನಮ್ಮ ಕೆರೆಯೊಳಕ್ಕೆ ನಡೆದುಬಿಟ್ಟ. ನಾನು ಚಾವಡಿಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಮೊದಲು ಅವನ ಮೊಣಕಾಲು ಮುಳುಗಿತು, ಆಮೇಲೆ ಸೊಂಟ, ಆಮೇಲೆ ಬ್ಯಾಗು, ಕೊನೆಗೆ ತಲೆಯ ಮೇಲಿನ ಟೋಪಿ. ನೀರು ಒಂದಿಷ್ಟೂ ಅಲುಗಲಿಲ್ಲ. ನಮ್ಮದು ತಿಳಿನೀರಿನ ಕೆರೆ, ತಳದ ಕಲ್ಲು ಕೂಡ ಎಣಿಸಬಹುದು. ಅವನು ಆ ತಳದಲ್ಲಿ ಮೊಬೈಲಿನಲ್ಲಿ ಯಾರ ಹತ್ತಿರವೋ ಮಾತಾಡಿಕೊಂಡು ಆರಾಮಾಗಿ ಹೋಗುತ್ತಿದ್ದ. ಅವನ ಟೋಪಿಯ ಮೇಲೆ ಮೀನಿನ ಹಿಂಡೊಂದು ಹಾದುಹೋಯಿತು. ಕಾಲು ಗಂಟೆಯ ಮೇಲೆ ಆಚೆ ದಡದಲ್ಲಿ ಎದ್ದು, ಒಂದು ಹನಿ ಒದ್ದೆಯಾಗದೆ ಬಸ್ಸು ಹತ್ತಿದ. ಇಂಥದ್ದನ್ನು ಸಾವಿರ ಸಲ ನೋಡಿದ್ದೇನೆ. ಆದರೂ ಪ್ರತಿ ಸಲವೂ ಉಸಿರು ಬಿಡುವುದು ಮರೆತೇಹೋಗುತ್ತದೆ, ಏನು ಮಾಡಲಿ.

ನಾನು ಪುಟ್ಟತಾಯಮ್ಮ, ಚಾವಡಿಯ ಟೈಪಿಸ್ಟು. ದಿನಾ ಬೆಳಗ್ಗೆ ಕೆರೆಯ ಮಟ್ಟ ಬರೆಯುವುದು, ಮಳೆ ಬಂದರೆ ಮಳೆ ಬರೆಯುವುದು, ಜನರ ಅರ್ಜಿ ಟೈಪು ಮಾಡಿಕೊಡುವುದು ನನ್ನ ಕೆಲಸ. ಚಾವಡಿಯ ಕಂಪ್ಯೂಟರಿನಲ್ಲಿ ಕೆರೆಯದೂ ಒಂದು ಫೈಲು ಇದೆ. ಅದರಲ್ಲಿ ಹೆಸರಿದ್ದವರಿಗೆ ಕೆರೆ ಕಾಣುತ್ತದೆ, ಬೊಗಸೆ ಒಡ್ಡಿದರೆ ನೀರು ಸಿಗುತ್ತದೆ. ಹೆಸರಿಲ್ಲದವರಿಗೆ ಅದು ಬರೀ ಬಯಲು. ನಾನೂ ಈ ಊರಿಗೆ ಸೊಸೆಯಾಗಿ ಬಂದವಳೇ. ಮದುವೆಯ ಮಾರನೆ ದಿನ ನನ್ನ ಹೆಸರು ಬರೆದರು, ನಾನು ಕೊಡ ಹಿಡಿದು ಮೆಟ್ಟಿಲಿಳಿದು ತುಂಬಿಕೊಂಡು ಬಂದೆ. ಆಗೆಲ್ಲ ಅದು ಅಷ್ಟು ಸುಲಭವಿತ್ತು.

ಆ ಫೈಲನ್ನು ತಿದ್ದಬೇಕಾದರೆ ಯಜಮಾನನ ಖಾತೆಯಿಂದ ಒಳಗೆ ಹೋಗಬೇಕು. ಅದರ ಪಾಸ್‌ವರ್ಡು ಒಬ್ಬರ ಕೈಯಲ್ಲಿದ್ದರೆ ಊರು ಉಳಿಯುವುದಿಲ್ಲವೆಂದು ಹಿಂದಿನವರು ಅದನ್ನು ಏಳು ತುಂಡು ಮಾಡಿ ಏಳು ಮನೆಗೆ ಹಂಚಿದ್ದರು. ಮನೆಗೊಬ್ಬಳು ಸೊಸೆ ಬಂದರೆ, ಮಗು ಹುಟ್ಟಿದರೆ, ಏಳು ಮನೆಯವರೂ ಚಾವಡಿಗೆ ಬರುವರು. ಒಬ್ಬರು ತಮ್ಮ ತುಂಡು ಟೈಪು ಮಾಡುವಾಗ ಮಿಕ್ಕ ಆರು ಜನ ಗೋಡೆಯ ಕಡೆ ಮುಖ ತಿರುಗಿಸಿ ನಿಲ್ಲುವರು. ಸಾಯುವ ಮುಂಚೆ ತುಂಡನ್ನು ಹಿರಿಸೊಸೆಯ ಕಿವಿಯಲ್ಲಿ ಹೇಳಿ ಹೋಗಬೇಕೆಂಬುದು ಪದ್ಧತಿ. ಏಳನೆಯ ಮನೆಯ ಸಾವಂತ್ರಮ್ಮನಿಗೆ ಅಷ್ಟು ಪುರಸೊತ್ತು ಎಲ್ಲಿತ್ತು? ಹನ್ನೊಂದು ವರ್ಷದ ಹಿಂದೆ ಬೀದಿಯಲ್ಲಿ ನಿಂತು ಹಾಲಿನವನಿಗೆ ಬೈಯುತ್ತಾ ಬೈಯುತ್ತಾ, ಅರ್ಧ ಬೈಗುಳ ಬಾಯಲ್ಲಿರುವಾಗಲೇ ಹೋಗಿಬಿಟ್ಟಳು. ಮಿಕ್ಕ ಆರು ಜನ ಮೂರು ತಿಂಗಳು ಕೂತು ಒದ್ದಾಡಿದರು. ಅವಳ ಗಂಡನ ಹೆಸರು ಹಾಕಿದರು, ತವರೂರಿನ ಹೆಸರು ಹಾಕಿದರು, ಎಮ್ಮೆಯ ಹೆಸರು ಹಾಕಿದರು. ಅವಳಿಗೆ ಆಗದವರ ಹೆಸರೆಲ್ಲ ಹಾಕಿ ನೋಡಿದರು, ಅದೇ ಒಂದು ವಾರ ಹಿಡಿಯಿತು. ಉಪಯೋಗವಾಗಲಿಲ್ಲ.

ಅಲ್ಲಿಂದೀಚೆಗೆ ಈ ಊರಿಗೆ ಬಂದ ಸೊಸೆಯರಿಗೆ, ಹುಟ್ಟಿದ ಮಕ್ಕಳಿಗೆ ಕೆರೆ ಇಲ್ಲ. ಜನ ಹೇಗೋ ಒಗ್ಗಿಕೊಂಡರು. ಪ್ರತಿ ಅಡುಗೆಮನೆಯಲ್ಲೂ ಎರಡು ಕೊಡ ಬಂದವು, ಒಂದು ಕೆರೆಯದು, ಒಂದು ಬೋರ್‌ವೆಲ್ಲಿನದು. ಕೆರೆಯ ನೀರನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟರೆ ಹೆಸರಿಲ್ಲದವರು ಖಾಲಿ ಲೋಟ ನೋಡಿ ನಗುತ್ತಾರೆ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಅನ್ನುವ ಗಾದೆ ನಮ್ಮೂರಲ್ಲಿ ಹನ್ನೊಂದು ವರ್ಷದಿಂದ ಸುಳ್ಳಾಗಿತ್ತು.

ನನ್ನ ಸೊಸೆ ವನಜಾ ಬಂದು ಎಂಟು ವರ್ಷ. ಮದುವೆಯ ಮಾರನೆ ದಿನ ಅವಳೂ ಕೊಡ ಹಿಡಿದು ಮೆಟ್ಟಿಲಿಳಿದಳು. ಅದ್ದಿ ಎತ್ತಿದಳು, ಖಾಲಿ. ಮತ್ತೆ ಅದ್ದಿದಳು, ಖಾಲಿ. ನೆರೆದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ನಾನಾದರೂ ಏನಾದರೂ ಅನ್ನಬಹುದಿತ್ತು, ಅನ್ನಲಿಲ್ಲ. ಅದೇ ತಿಂಗಳು ಅವಳಿಗೆ ಆಚೆ ದಡದ ಅಂಗನವಾಡಿಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಕೆರೆ ಇರುವವರು ದಾಸಪ್ಪನ ಹರಿಗೋಲಿನಲ್ಲಿ ದಾಟಬೇಕು. ಇವಳಿಗೇನು, ಬಯಲು. ಬೆಳಗ್ಗೆ ಡಬ್ಬಿ ಹಿಡಿದು ಹೊರಡುವಳು, ಸಂಜೆ ಬರುವಳು. ಒಂದು ಸಲ ನಾನು ಹರಿಗೋಲಿನಲ್ಲಿ ಕೂತು ಬಗ್ಗಿ ನೋಡಿದರೆ ಕೆಳಗೆ ಅವಳು ಹೋಗುತ್ತಿದ್ದಳು. ಅವಳ ಬೈತಲೆ ಕಾಣುತ್ತಿತ್ತು, ಮುಡಿದ ಕನಕಾಂಬರ ಕಾಣುತ್ತಿತ್ತು. ಅಷ್ಟು ನೀರಿನ ಅಡಿಯಲ್ಲಿ ಒಂದು ಹೂವು ಕೂಡ ನೆನೆಯದೆ ಹೋಗುತ್ತಿತ್ತು ನನ್ನ ಮನೆಯ ಜೀವ. ನನಗೆ ಕೈ ಮುಗಿಯಬೇಕು ಅನ್ನಿಸಿತು, ಯಾರಿಗೆ ಅಂತ ಗೊತ್ತಾಗಲಿಲ್ಲ.

ಹಾಗಂತ ನಾವೇನು ತಾಯಿ ಮಗಳ ಹಾಗೆ ಇದ್ದೆವು ಅಂದುಕೊಳ್ಳಬೇಡಿ. ನನ್ನ ಬಾಯಿ ಸಾವಂತ್ರಮ್ಮನಿಗಿಂತ ಒಂದು ಗುಲಗಂಜಿ ಕಮ್ಮಿ ಅಷ್ಟೇ. ಅವಳೂ ಮಾತಿಗೆ ಮಾತು ಇಡುವವಳೇ. "ನಿಮ್ ಕೆರೆ ಬರೀ ಬಾಯಲ್ಲಿರೋದು ಅತ್ತೆ" ಅನ್ನುವಳು. ಆದರೆ ರಿಪೇರಿಯವನು ಬರುವ ಹಿಂದಿನ ದಿನ, ಶನಿವಾರ, ಅವಳು ಜಗಳವಾಡಲಿಲ್ಲ. ಐದು ತಿಂಗಳ ಬಸುರಿ, ಕೂತು ಸೊಪ್ಪು ಬಿಡಿಸುತ್ತಾ ಮೆಲ್ಲಗೆ ಹೇಳಿದಳು. "ನಮ್ಮಪ್ಪನ ಊರಲ್ಲಿ ಹಿಟ್ಟಿನ ಗಿರಣಿ ನಡೆಸೋಕೆ ಸಿಗುತ್ತಂತೆ ಅತ್ತೆ. ನಿಮ್ ಮಗನೂ ಒಪ್ಪಿದಾರೆ. ಬುಧವಾರ ಹೊರಡ್ತೀವಿ. ನನ್ ಮಗು ಈ ಊರಲ್ಲಿ ಖಾಲಿ ಕೊಡ ಹಿಡ್ಕೊಂಡು ನಿಲ್ಲೋದು ಬೇಡ." ನಾನು, "ಹೋಗಮ್ಮ ತಾಯಿ, ಯಾರು ಬೇಡ ಅಂದೋರು" ಅಂದೆ. ಬಾಯಿ ಹಾಗೆ ಅಂದಿತು. ಕೈ ಮಾತ್ರ ಅವಳ ಮುಂದಿನ ಸೊಪ್ಪನ್ನು ಎಳೆದುಕೊಂಡು ಬಿಡಿಸತೊಡಗಿತು.

ಭಾನುವಾರ ಬೆಳಗ್ಗೆ ಆ ರಿಪೇರಿಯವನು ಬಂದದ್ದು. ಕಂಪ್ಯೂಟರು ವಾರದಿಂದ ಏಳುತ್ತಲೇ ಇರಲಿಲ್ಲ, ಕಪ್ಪು ಪರದೆಯ ಮೇಲೆ ಒಂದು ಗೆರೆ ಕಣ್ಣು ಮಿಟುಕಿಸುತ್ತಿತ್ತು ಅಷ್ಟೇ. ಅವನು ಪೆನ್‌ಡ್ರೈವ್ ಚುಚ್ಚಿ ಎರಡು ಗಂಟೆ ಕೂತ. ಆಮೇಲೆ ನನ್ನನ್ನು ಕರೆದು ಹೇಳಿದ. "ಇದ್ರಲ್ಲಿದ್ದ ಲಿನಕ್ಸ್, ಅಂದ್ರೆ ಕಂಪ್ಯೂಟರ್ ನಡೆಸೋ ಪ್ರೋಗ್ರಾಮು, ಬಹಳ ಹಳೇದಮ್ಮ, ಹೊಸದಕ್ಕೆ ಏರಿಸಿದೀನಿ. ನಿಮ್ ಫೈಲೆಲ್ಲಾ ಹಾಗೇ ಇವೆ. ಆದ್ರೆ ಇದ್ರಲ್ಲಿ ಯಜಮಾನನ ಖಾತೆಗೇ ಬೀಗ, ಅಲ್ಲಿಂದ ಯಾರೂ ಒಳಗೆ ಹೋಗಂಗಿಲ್ಲ. ದಿನಾ ಯಾರು ಕೂತ್ಕೋತಾರೋ ಅವ್ರೇ ಯಜಮಾನ್ರು. ಬೇಕಾದಾಗ ನಿಮ್ದೇ ಪಾಸ್‌ವರ್ಡ್ ಕೇಳುತ್ತೆ, ಕೊಡಿ. ಒಂದು ಮಾತ್ರ ನೆನಪಿರ್ಲಿ, ಯಾವ ಫೈಲು ಬೇಕೋ ಅದೊಂದರ ಬೀಗ ತೆಗೀರಿ. ಇಡೀ ವಿಂಡೋನೇ ಯಜಮಾನ್ರಾಗಿ ತೆಗೆದ್ರೆ, ಮುಟ್ಟಿದ್ದೆಲ್ಲಾ ನಿಮ್ ಹೆಸರಿಗೆ ಆಗಿ, ಮಿಕ್ಕವ್ರ ಹೆಸರು ಹೋಗ್ಬಿಡುತ್ತೆ." ನಾನು ತಲೆಯಾಡಿಸಿದೆ. ಅರ್ಧ ಕೇಳಿಸಿಕೊಂಡಿದ್ದೆ, ಮಿಕ್ಕರ್ಧ ಬುಧವಾರದ ಯೋಚನೆಯಲ್ಲಿ ಹೋಗಿತ್ತು.

ಅವನು ಬಸ್ಸು ಹತ್ತಿದ ಮೇಲೆ ಆರು ಮನೆಯವರು ಬಂದರು. ಅವರಿಗೆಲ್ಲ ಹಿರಿಯರು ಚಿಕ್ಕರಸಯ್ಯನವರು. ಹೊಸ ಪರದೆಯಲ್ಲಿ ಯಜಮಾನನ ಖಾತೆಯೇ ಇಲ್ಲದ್ದು ನೋಡಿ ಅವರ ಮುಖ ಬಿಳುಚಿಕೊಂಡಿತು. ಪದ್ಧತಿ ಬಿಡಬಾರದೆಂದು ಗೋಡೆಗೆ ಮುಖ ಹಾಕಿ ನಿಂತರು, ಆದರೆ ಟೈಪು ಮಾಡಲು ಜಾಗವೇ ಇರಲಿಲ್ಲ. "ಮುಗೀತು ಬಿಡವ್ವಾ ಪುಟ್ಟತಾಯಿ. ಒಂದು ತುಂಡು ಹೋಗಿತ್ತು, ಈಗ ಏಳೂ ಹೋದ್ವು" ಎಂದು ಚಿಕ್ಕರಸಯ್ಯನವರು ಹೊರಗೆ ಜಗಲಿಯ ಮೇಲೆ ಹೋಗಿ ಕೂತರು. ಮಿಕ್ಕವರು ಸಾವಿನ ಮನೆಯಿಂದ ಹೊರಟ ಹಾಗೆ ಒಬ್ಬೊಬ್ಬರಾಗಿ ಮನೆಗೆ ಹೋದರು.

ನಾನು ಒಳಗೆ ಒಬ್ಬಳೇ ಉಳಿದೆ. ರಿಪೇರಿಯವನ ಮಾತು ಆಗ ತಲೆಗೆ ಹೋಯಿತು. ಫೈಲುಗಳ ಜಾಗಕ್ಕೆ ಹೋಗಿ ಒತ್ತಿದೆ. ಒಂದು ಸಣ್ಣ ಚೌಕ ಎದ್ದು ಬಂತು, ಅದರಲ್ಲಿ ಒಂದು ಬೀಗದ ಚಿತ್ರ. ಕೆಳಗೆ ಬರೆದಿತ್ತು: ಇದಕ್ಕೆ ಯಜಮಾನರ ಅನುಮತಿ ಬೇಕು. ಪುಟ್ಟತಾಯಮ್ಮ, ನಿಮ್ಮ ಪಾಸ್‌ವರ್ಡ್ ಕೊಡಿ. ಶಿವಶಿವಾ! ಮೂವತ್ತು ವರ್ಷ ಆ ಪೆಟ್ಟಿಗೆಯ ಮುಂದೆ ಕೂತಿದ್ದೆ, ಒಂದು ದಿನ ಅದು ನನ್ನನ್ನು ಹೆಸರು ಹಿಡಿದು ಕರೆದಿರಲಿಲ್ಲ. ಸುತ್ತ ನೋಡಿದೆ, ಯಾರೂ ಇಲ್ಲ. ದಿನಾ ಒತ್ತುವ ಅದೇ ಎಂಟಕ್ಷರ ಒತ್ತಿದೆ.

ತೆರೆಯಿತು. ಅಷ್ಟೇ, ಸದ್ದಿಲ್ಲದೆ ತೆರೆಯಿತು. ಒಳಗೆ ಊರಿಗೆ ಊರೇ ಕೂತಿತ್ತು. ಗುಡ್ಡ, ಮೂಡಣ ಗಾಳಿ, ಹುಣಸೆತೋಪು, ಕೆರೆ, ಎಲ್ಲಕ್ಕೂ ಒಂದೊಂದು ಫೈಲು. ಬೆರಳು ತುಸು ಜಾರಿದರೆ ಗುಡ್ಡ ಇರುವುದಿಲ್ಲ ಅನ್ನಿಸಿ ಉಸಿರನ್ನು ಕೂಡ ಮೆಲ್ಲಗೆ ಬಿಟ್ಟೆ. ಕೆರೆಯನ್ನು ತೆರೆದೆ. ಮೂರು ಸಾಲು. ಒಡೆಯರು: ಊರು. ಗುಂಪು ಅನ್ನುವಲ್ಲಿ ಹೆಸರುಗಳು, ತಲೆತಲಾಂತರದ ಹೆಸರುಗಳು, ನಡುವೆ ಎಲ್ಲೋ ನನ್ನದು. ಇತರರು: ಏನೂ ಇಲ್ಲ. ನಾನು ಗುಂಪಿನ ಕೊನೆಯಲ್ಲಿ ವನಜಾ ಎಂದು ಬರೆದೆ. ಇಷ್ಟೇ ಇಷ್ಟಕ್ಕೆ ಎಂಟು ವರ್ಷ ಬೇಕಾಯಿತಲ್ಲ ಅಂತ ಕಣ್ಣು ತುಂಬಿ ಬಂತು. ಉಳಿಸು ಅಂತ ಒತ್ತಿದೆ.

ಒತ್ತಿದ ಮೇಲೆ ತಿಳಿಯಿತು, ನಾನು ಇಡೀ ವಿಂಡೋವನ್ನೇ ಯಜಮಾನಳಾಗಿ ತೆರೆದಿದ್ದೆ. ಏಳು ಮನೆಯವರು ಯಾವಾಗಲೂ ಹಾಗೇ ಮಾಡುತ್ತಿದ್ದರು, ಆದರೆ ಅವರು ಹೋಗುತ್ತಿದ್ದದ್ದು ಊರಿನ ಹೆಸರಿನ ಯಜಮಾನನ ಖಾತೆಯಿಂದ. ಅವರ ಬೆನ್ನ ಹಿಂದೆ ನಿಂತು ನೋಡಿ ನೋಡಿ ಕಲಿತ ಕೈ, ಹಳೇ ಅಭ್ಯಾಸದಲ್ಲಿ ಹೋಗಿಬಿಟ್ಟಿತ್ತು. ಪರದೆಯಲ್ಲಿ ಒಡೆಯರು ಅನ್ನುವಲ್ಲಿ ಊರು ಹೋಗಿ ಪುಟ್ಟತಾಯಮ್ಮ ಅಂತ ಬಂದಿತ್ತು. ಗುಂಪು ಖಾಲಿ. ಒಂದು ಹೆಸರಿಲ್ಲ, ವನಜಾಳದೂ ಇಲ್ಲ.

ಹೊರಗೆ ಒಗೆಯುವ ಮೆಟ್ಟಿಲಿನಿಂದ ಹೆಂಗಸರ ಕೂಗು ಎದ್ದಿತು. ಕಿಟಕಿಗೆ ಓಡಿದೆ. ನನ್ನ ಕಣ್ಣಿಗೆ ಕೆರೆ ತುಂಬಿಕೊಂಡು ಹೊಳೆಯುತ್ತಲೇ ಇತ್ತು. ಅವರಿಗೆ ಇರಲಿಲ್ಲ. ನಡುನೀರಿನಲ್ಲಿದ್ದ ದಾಸಪ್ಪನ ಹರಿಗೋಲು ಅವನ ಸಮೇತ ಮೆಲ್ಲಮೆಲ್ಲಗೆ ಇಳಿದು, ಒಣಗಿದೆಲೆ ಬಿದ್ದ ಹಾಗೆ ತಳದಲ್ಲಿ ಕೂತಿತು. ಅವನು ಎದ್ದು ನಿಂತು ಸುತ್ತ ಪಿಳಿಪಿಳಿ ನೋಡಿದ. ಇಡೀ ಕೆರೆ ಈಗ ನನ್ನದು, ನನ್ನೊಬ್ಬಳದು. ಅಷ್ಟು ದೊಡ್ಡ ನೀರು ಒಬ್ಬ ಮುದುಕಿಯ ಕಣ್ಣಲ್ಲಿ ಮಾತ್ರ ನಿಂತಿತ್ತು. ಹೆಮ್ಮೆಯಾಗಲಿಲ್ಲ, ದೇವರಾಣೆ.

ಮೊದಲು ಎಲ್ಲರೂ ಎದೆ ಬಡಿದುಕೊಂಡು ಅತ್ತರು. ಅಳು ಹತ್ತು ನಿಮಿಷ ಅಷ್ಟೇ. "ಅಯ್ಯೋ, ಅಲ್ಲಿ ಮಿಣುಗ್ತಿರೋದು ನಮ್ಮತ್ತೆ ಚೊಂಬಲ್ವೇನೇ!" ಅಂತ ಯಾರೋ ಕೂಗಿದರು. ತಲೆತಲಾಂತರದಿಂದ ಕೆರೆಗೆ ಬಿದ್ದದ್ದೆಲ್ಲ ತಳದಲ್ಲಿ ಬಿದ್ದಿತ್ತು. ಇಷ್ಟು ವರ್ಷ ಬಯಲಲ್ಲಿ ಓಡಾಡಿದ ಸೊಸೆಯರ, ಮಕ್ಕಳ ಕಣ್ಣಿಗೆ ಅವು ಬಿದ್ದರೂ, ಯಾರದೋ ಹಳೇ ಸಾಮಾನು ಅಂತ ಮುಟ್ಟುತ್ತಿರಲಿಲ್ಲ. ಈಗ ಊರವರು ಸೀರೆ ಎತ್ತಿ ಕಟ್ಟಿ, ಪಂಚೆ ಮಡಚಿ ಇಳಿದರು. ಚೊಂಬು, ಕಾಲುಂಗುರ, ಬಿಂದಿಗೆ, ಯಾರದೋ ಕನ್ನಡಕ. ನಾನು ಮೇಲಿಂದ ನೋಡುತ್ತಿದ್ದೆ. ನೂರಾರು ಜನ ನೀರಿನ ಅಡಿಯಲ್ಲಿ ಬಗ್ಗಿ ಬಗ್ಗಿ ಹುಡುಕುತ್ತಿದ್ದಾರೆ, ಮೀನುಗಳು ಅವರ ಕಂಕುಳ ಸಂದಿಯಲ್ಲಿ ನುಸುಳಿ ಹೋಗುತ್ತಿವೆ, ಮುದುಕಿಯರು ಸಣ್ಣ ಹುಡುಗಿಯರ ಹಾಗೆ ನಗುತ್ತಿದ್ದಾರೆ. ಅಂಥ ಚೆಂದವನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಅಷ್ಟೇ ಭಯವನ್ನೂ ಪಟ್ಟಿರಲಿಲ್ಲ. ಈಗ ನಾನು ಕೆರೆಯನ್ನು ಊರಿಗೆ ವಾಪಸು ಬರೆದರೆ ಇಷ್ಟೂ ಜನರ ಮೂಗಿಗೆ ಒಟ್ಟಿಗೇ ನೀರು ನುಗ್ಗುತ್ತದೆ.

ಚಿಕ್ಕರಸಯ್ಯನವರು ಒಳಗೆ ನುಗ್ಗಿ ಬಂದರು. "ಏನವ್ವಾ ಮಾಡ್ದೆ? ಈಗಿಂದೀಗ್ಲೇ ಸರಿ ಮಾಡು!" ನನಗೂ ರೇಗಿತು. "ಸರಿ ಮಾಡ್ತೀನಿ ಯಜಮಾನ್ರೇ. ನಿಮ್ ಹೆಂಡ್ತಿ ಎಲ್ಲಿದಾರೆ ಈಗ?" "ಕೆರೆ ಒಳಗೆ ಮೂಗುಬೊಟ್ಟು ಹುಡುಕ್ತಾವ್ಳೆ" ಅಂದವರು ಅಲ್ಲೇ ನಿಂತುಬಿಟ್ಟರು. ಆಮೇಲೆ ಓಡಿ ಹೋಗಿ ದಡದಲ್ಲಿ ನಿಂತು ಕೂಗಿದರು, ಬೇಡಿಕೊಂಡರು. ಯಾರು ಕೇಳುತ್ತಾರೆ? ಸಿಕ್ಕಿದವರು ಇನ್ನೊಂದು ಸಿಗಲಿ ಅಂತ, ಸಿಗದವರು ಒಂದಾದರೂ ಸಿಗಲಿ ಅಂತ, ನಡು ಆಳಕ್ಕೇ ಹೋಗುತ್ತಿದ್ದರು. ಕೆಲವರಿಗೆ ಬರುವ ದಾರಿಯೇ ತಪ್ಪಿತ್ತು. ಹಳ್ಳ ಯಾವುದು, ಕೆಸರು ಯಾವುದು, ಅವರಿಗೇನು ಗೊತ್ತು, ಜನ್ಮವೆಲ್ಲ ಮೇಲೆ ತೇಲಿದವರು.

ಆಗ ವನಜಾ ಬಂದಳು. ಊರೆಲ್ಲ ಯಾಕೆ ಬಯಲಲ್ಲಿ ಓಡಾಡುತ್ತಿದೆ ಅಂತ ಅವಳಿಗೆ ಆಶ್ಚರ್ಯ. ನಾನು ಎಲ್ಲ ಹೇಳಿದೆ, ಅವಳ ಹೆಸರು ಬರೆಯಲು ಹೋಗಿ ಹೀಗಾಯಿತು ಅಂತಲೂ ಹೇಳಿದೆ. ಅವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿದಳು. "ನಾನು ಹೋಗಿ ಕರ್ಕೊಂಡ್ ಬರ್ತೀನಿ. ನಾನು ಬಂದು ಹೇಳೋವರೆಗೂ ಏನೂ ಒತ್ತಬೇಡಿ." ನಾನು ಬೇಡ ಅಂದೆ, ಬಸುರಿ ಕಣೇ ನೀನು ಅಂದೆ. "ದಿನಾ ಹೋಗೋ ದಾರಿ ಅಲ್ವಾ ಅತ್ತೆ" ಅಂದಳು.

ಕಿಟಕಿಯ ಸರಳು ಹಿಡಿದು ನಿಂತೆ. ಅವಳು ಮೆಟ್ಟಿಲಿಳಿದು ನೀರಿನೊಳಕ್ಕೆ ಹೋದಳು. ಅಂಗನವಾಡಿಯ ಗಂಟಲು ಅವಳದು, ನನಗೆ ಮೇಲೆ ಕೇಳಿಸುತ್ತಿತ್ತು. "ಎಲ್ರೂ ಸಾಲಾಗಿ! ಕೈ ಕೈ ಹಿಡ್ಕೊಳ್ಳಿ! ಸಿದ್ದಮ್ಮಾರೇ, ಆ ಕಡೆ ಹುದುಲು, ಕಾಲು ಹೂತ್ಕೊಳ್ಳುತ್ತೆ, ಈ ಕಲ್ಲಿನ ಮೇಲೆ ಬನ್ನಿ. ಚೊಂಬು ನಾಳೆ ಹುಡುಕ್ಬೋದು, ಮೊದ್ಲು ಮೇಲ್ ಬನ್ನಿ. ದಾಸಪ್ಪಾರೇ, ಅಳಬಾರ್ದು, ಜಾಣ ಅಲ್ವಾ ನೀವು!" ಅರವತ್ತು ವರ್ಷದ ಗೌಡರು ಎಂಬತ್ತು ವರ್ಷದ ಅಜ್ಜಿಯ ಕೈ ಹಿಡಿದುಕೊಂಡು ಸುಮ್ಮನೆ ಸಾಲಿಗೆ ಬಂದರು. ಖಾಲಿ ಕೊಡದ ಸೊಸೆ ಅಂತ ಅವಳಿಗೆ ಹೆಸರಿಟ್ಟವರೇ ಅವಳ ಸೆರಗು ಹಿಡಿದು ಬಂದರು. ತಳದ ಪ್ರತಿ ಕಲ್ಲೂ ಅವಳಿಗೆ ಗೊತ್ತಿತ್ತು. ನಾಲ್ಕು ಸಲ ಹೋದಳು, ನಾಲ್ಕು ಸಾಲು ತಂದಳು. ಕೊನೆಯ ಸಲ ಚಿಕ್ಕರಸಯ್ಯನವರ ಹೆಂಡತಿಗಾಗಿ ನಡುಗುಂಡಿಯವರೆಗೆ ಹೋದಳು. ಅವಳ ತಲೆಯ ಮೇಲೆ ಅಷ್ಟು ಎತ್ತರದ ನೀರು ಸುಮ್ಮನೆ ನಿಂತಿತ್ತು. ನನ್ನ ಕೈ ಕೀಲಿಮಣೆಗೆ ತಗುಲೀತು ಅಂತ ಎರಡೂ ಕೈ ಕಂಕುಳಲ್ಲಿ ಅವುಚಿಕೊಂಡೆ. ಹರಕೆ ಹೊತ್ತೆ. ಯಾವ ದೇವರಿಗೆ ಅಂತ ಈಗ ನೆನಪಿಲ್ಲ, ಇದ್ದ ಎಲ್ಲರಿಗೂ ಹೊತ್ತಿರಬೇಕು.

ಏದುಸಿರು ಬಿಡುತ್ತಾ ಒಳಗೆ ಬಂದಳು. "ಎಲ್ಲಾ ಬಂದ್ರು ಅತ್ತೆ. ಮನೆ ಮನೆ ಲೆಕ್ಕ ಕೇಳ್ದೆ. ನಾನೇ ಕೊನೆ." ನಾನೂ ಕಿಟಕಿಯಿಂದ ಇನ್ನೊಂದು ಸಲ ನೋಡಿದೆ. ತಳದಲ್ಲಿ ಹರಿಗೋಲು, ಒಂದು ಒಂಟಿ ಚಪ್ಪಲಿ, ಅಷ್ಟೇ ಇತ್ತು.

ಚಿಕ್ಕರಸಯ್ಯನವರು, "ಹಳೇ ಪಟ್ಟಿನೇ ಬರಿಯವ್ವಾ" ಅಂದರು. "ಹೇಳಿ, ಬರೀತೀನಿ" ಅಂದೆ. ಅರವತ್ತು ಹೆಸರು ಹೇಳುವಷ್ಟರಲ್ಲಿ ತಡವರಿಸಿದರು. ಸ್ವಂತ ತಂಗಿಯ ಹೆಸರೇ ಬಿಟ್ಟಿದ್ದರು. ಒಂದು ಹೆಸರು ಬಿಟ್ಟರೆ ಆ ಹೆಸರಿನವರು ಮತ್ತೆ ತಳಕ್ಕೆ. ಅದನ್ನು ಯಾರ ಮೇಲಾದರೂ ಹೇಗೆ ಹೊರಿಸಲಿ? ನಾನು ಗುಂಪನ್ನು ಖಾಲಿಯೇ ಬಿಟ್ಟೆ. ಒಡೆಯರು ಅನ್ನುವಲ್ಲಿ ನನ್ನ ಹೆಸರು ಅಳಿಸಿ ಊರು ಅಂತ ಬರೆದೆ. ಮೂರನೆಯ ಸಾಲಿಗೆ ಬಂದೆ. ಇತರರು: ನೋಡಬಹುದು, ಮುಟ್ಟಬಹುದು, ಕುಡಿಯಬಹುದು. ಬಗ್ಗಿ ಓದುತ್ತಿದ್ದ ಚಿಕ್ಕರಸಯ್ಯನವರು ಹೌಹಾರಿದರು. "ಇತರರು ಅಂದ್ರೆ ದಾರೀಲಿ ಹೋಗೋರೆಲ್ಲಾ ಆಯ್ತಲ್ಲವ್ವಾ!" "ಆಗ್ಲಿ ಬಿಡಿ ಯಜಮಾನ್ರೇ. ದಾರೀಲಿ ಹೋಗೋರಿಗೂ ಬಾಯಾರುತ್ತೆ" ಅಂದೆ. ಅವರು ಹೊರಗೆ ದಡದಲ್ಲಿ ಕೂತಿದ್ದ ಹೆಂಡತಿಯನ್ನು ನೋಡಿದರು, ಒಳಗೆ ಕೆಸರು ಕಾಲಲ್ಲಿ ನಿಂತಿದ್ದ ವನಜಾಳನ್ನು ನೋಡಿದರು, ಗೋಡೆಯ ಕಡೆ ಮುಖ ತಿರುಗಿಸಿ ನಿಂತರು. ಈ ಸಲ ಬರೀ ಆ ಒಂದು ಫೈಲಿನ ಬೀಗ ತೆಗೆದು ಬರೆದಿದ್ದೆ. ಉಳಿಸು ಅಂತ ಒತ್ತಿದೆ.

ಹೊರಗೆ ಹೋ ಅಂತ ಕೂಗೆದ್ದಿತು. ನಾನು ಕೆರೆಯ ಕಡೆ ನೋಡಲಿಲ್ಲ, ಸೊಸೆಯ ಮುಖ ನೋಡಿದೆ. ಅವಳು ಕಿಟಕಿಯ ಹತ್ತಿರ ನಿಂತಿದ್ದಳು. ಮೊದಲು ಅವಳ ಕಣ್ಣಿನಲ್ಲಿ ಬೆಳಕು ಅಲ್ಲಾಡಿತು, ನೀರಿನ ಮೇಲಿನ ಬೆಳಕು. ಆಮೇಲೆ ಬಾಯಿ ತೆರೆಯಿತು. ಒಂದು ಕೈ ಹೊಟ್ಟೆಯ ಮೇಲೆ ಹೋಯಿತು. ಆ ದಡದಿಂದ ಈ ದಡಕ್ಕೆ, ಈ ದಡದಿಂದ ಆ ದಡಕ್ಕೆ ನೋಡಿದಳು, ಮತ್ತೆ ಮತ್ತೆ ನೋಡಿದಳು.

"ಇಷ್ಟೊಂದಾ?" ಅಂದಳು ಕೊನೆಗೆ. "ನಾನು ಇದರ ಕೆಳಗಾ ಅತ್ತೆ ಓಡಾಡ್ತಿದ್ದಿದ್ದು?"

"ಹ್ಞೂಂ. ನಡುವೆ ಮೂರಾಳು ನೀರು ನಿನ್ ಮೇಲೆ."

"ನೀವು ದಿನಾ ನೋಡ್ತಿದ್ರಾ?"

"ಇಲ್ಲೇ ನಿಂತ್ಕೊಂಡು ನೋಡ್ತಿದ್ದೆ. ನೀನು ಆಚೆ ದಡ ಹತ್ತೋವರೆಗೂ ಒಂದಕ್ಷರ ಟೈಪ್ ಮಾಡಕ್ಕಾಗ್ತಿರ್ಲಿಲ್ಲ. ದಿನಕ್ಕೆರಡು ಸಲ ನೀನು ಮುಳುಗೋದು ನೋಡಿದೀನಿ ಕಣೇ, ಎಂಟು ವರ್ಷ."

ಅವಳು ನನ್ನ ಕಡೆ ತಿರುಗಿದಳು. "ಒಂದಿನಾನೂ ಬಾಯಿ ಬಿಡ್ಲಿಲ್ವಲ್ಲ ನೀವು."

"ಹೇಳಿದ್ರೆ ನೀನೂ ಹೆದರ್ಕೊಂಡು ನಡೀತಿದ್ದೆ. ಮನೇಲಿ ಒಬ್ಳು ಹೆದರಿದ್ರೆ ಸಾಕು ಅಂತ ಸುಮ್ನಿದ್ದೆ."

ಅವಳು ಅತ್ತಳು. ನಾನೂ ಅತ್ತೆ, ಮುಚ್ಚುಮರೆ ಏನು. ಸೆರಗಿನಿಂದ ಮೂಗು ಒರೆಸಿಕೊಂಡು, "ನಾಳೆ ಅಂಗನವಾಡಿಗೆ ಹೆಂಗೆ ಹೋಗ್ಲಿ? ನಂಗೆ ಈಜು ಬರಲ್ಲ" ಅಂದಳು. ಹರಿಗೋಲು ತಳದಲ್ಲಿದೆ, ಎತ್ತಿ ಒಣಗಿಸಲು ದಾಸಪ್ಪನಿಗೆ ಎರಡು ದಿನವಾದರೂ ಬೇಕು, ಅಲ್ಲಿವರೆಗೆ ರಜ ಹಾಕು ಅಂದೆ. ಎರಡು ದಿನ ಕಳೆದರೆ ಬುಧವಾರ, ಅವರು ಹೊರಡುವ ದಿನ. ನನ್ನ ಬಾಯಿಂದ ಆ ಹೆಸರು ಬರಲಿಲ್ಲ. ಅವಳು ಕೆರೆಯ ಕಡೆ ತಿರುಗಿದಳು.

"ಬುಧವಾರ ಅಂಗನವಾಡಿಗೆ ನೀವೂ ಬನ್ನಿ ಹರಿಗೋಲಲ್ಲಿ" ಅಂದಳು. "ಒಬ್ಳೇ ಆದ್ರೆ ನಂಗೆ ಭಯ."